ಸೊಲ್ಲಾಪುರದ ಡಾಕ್ಟರರು: ಚಿತ್ರದ ಮರಣ, ನಿಜದ ಮರಣ

(ತಪಸ್ಸುಕಾಲದ ಒಂದು ಭಾನುವಾರ ಸಂಜೆ, ತೋಟದ ಕಾರ್ಮಿಕ ಕುಟುಂಬಗಳ ಸಹವಾಸ ಕೂಟದಲ್ಲಿ ಚಲನಚಿತ್ರ ತೋರಿಸಿದ ಮೇಲೆ ನಮ್ಮ ಉಪದೇಶಿಗಳು ಮಾಡಿದ ಭಾಷಣ. ಬರಲಾಗದವರ ಅಪೇಕ್ಷೆಯಂತೆ ಅಚ್ಚು ಮಾಡಿದೆ.)



ಈಗ ನಾವೆಲ್ಲರೂ ಕೂಡಿ ನೋಡಿದ ಚಿತ್ರದ ಹೆಸರು ‘ಡಾಕ್ಟರ್ ಕೋಟ್ನೀಸ್ ಕೀ ಅಮರ್ ಕಹಾನಿ’. ಅಂದರೆ ಡಾಕ್ಟರ್ ಕೋಟ್ನೀಸರ ಸಾವಿಲ್ಲದ ಕಥೆ. 1946ರಲ್ಲಿ ಬಂದ ಕಪ್ಪು-ಬಿಳುಪಿನ ಹಿಂದಿ ಚಿತ್ರ. ವಿ. ಶಾಂತಾರಾಮರು ಅದನ್ನು ತಯಾರಿಸಿ, ನಿರ್ದೇಶಿಸಿ, ಡಾಕ್ಟರರ ಪಾತ್ರವನ್ನೂ ತಾವೇ ವಹಿಸಿದರು. ಚೀನೀ ಹುಡುಗಿ ಚಿಂಗ್ ಲಾನ್ ಆಗಿ ಬಂದವರು ಅವರ ಹೆಂಡತಿ ಜಯಶ್ರೀ. ನಮ್ಮವರೇ ಬಣ್ಣ ಬಳಿದುಕೊಂಡು ಚೀನಿಯರಾಗಿ ಬಂದದ್ದನ್ನು ಕಂಡು ಮಕ್ಕಳು ನಕ್ಕರು. ನಗಲಿ, ತಪ್ಪಿಲ್ಲ. ಆದರೆ ಚಿತ್ರ ಮುಗಿಯುವ ಹೊತ್ತಿಗೆ ಆ ಮಕ್ಕಳೂ ಸುಮ್ಮನಾಗಿದ್ದರು.

ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಿಯರಿಗೆ ಹಿಂದಿ ತಿಳಿಯದು. ಆದ್ದರಿಂದ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇವೆ. ಸೊಲ್ಲಾಪುರದ ಒಬ್ಬ ಹುಡುಗ ಡಾಕ್ಟರಾಗುತ್ತಾನೆ. ಚೀನಾ ದೇಶದ ಮೇಲೆ ಜಪಾನ್ ಯುದ್ಧಕ್ಕೆ ಬಂದು ಜನ ಸಾಯುತ್ತಿದ್ದಾರೆ ಎಂದು ಕೇಳಿ, ಮನೆಯವರನ್ನು ಬಿಟ್ಟು ಅಲ್ಲಿಗೆ ಹೋಗುತ್ತಾನೆ. ಗಾಯಾಳುಗಳ ಸೇವೆ ಮಾಡುತ್ತಾನೆ. ಒಬ್ಬ ಚೀನೀ ಹೆಣ್ಣುಮಗಳನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಜಪಾನಿಯರ ಕೈಗೆ ಸಿಕ್ಕಿ ತಪ್ಪಿಸಿಕೊಳ್ಳುತ್ತಾನೆ. ಭಯಂಕರವಾದ ಪ್ಲೇಗ್ ಬರುತ್ತದೆ. ಅದಕ್ಕೆ ಮದ್ದು ಕಾಣುತ್ತಾನೆ. ಕಡೆಗೆ ಅದೇ ರೋಗ ತಗಲಿ ಸಾಯುತ್ತಾನೆ. ಸಾಯುವಾಗ ಹೆಂಡತಿಗೆ ತನ್ನ ಊರಿನ, ತನ್ನ ಮನೆಯ ಚಿತ್ರವನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಾನೆ. ಆಕೆ ಕೂಸನ್ನೆತ್ತಿಕೊಂಡು ಗಂಡನಿಲ್ಲದೆ ಸೊಲ್ಲಾಪುರದ ಮನೆಗೆ ಬರುತ್ತಾಳೆ. ಈ ಕಡೆಯ ಭಾಗದಲ್ಲಿಯೇ ನಮ್ಮ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡದ್ದು.

ಇದು ಕಟ್ಟುಕಥೆಯಲ್ಲ ಎಂಬುದನ್ನು ಮೊದಲು ಹೇಳಬೇಕು. ದ್ವಾರಕಾನಾಥ ಕೋಟ್ನೀಸರು 1910ರ ಅಕ್ಟೋಬರ್ 10ರಂದು ಸೊಲ್ಲಾಪುರದಲ್ಲಿ ಹುಟ್ಟಿದರು. ಅನುಕೂಲಸ್ಥರ ಮನೆತನವೇನಲ್ಲ, ಮಕ್ಕಳೂ ಬಹಳ. ಮುಂಬಯಿಯ ಸೇಠ್ ಜಿ. ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿ ಡಾಕ್ಟರಾದರು.

ನಮ್ಮ ಕೂಟದಲ್ಲಿ ಅಕ್ಕಲಕೋಟೆ ಕಡೆಯಿಂದ ಬಂದ ಮನೆಗಳಿವೆ. ಅವರಿಗೆ ಸೊಲ್ಲಾಪುರ ಎಂದರೆ ದೂರದ ಊರಲ್ಲ, ಸುಮಾರು 40 ಕಿಲೋಮೀಟರ್, ಸಂತೆಗೂ ಆಸ್ಪತ್ರೆಗೂ ಹೋಗಿ ಬರುವ ಊರು. ರಾಜ್ಯ ಮಹಾರಾಷ್ಟ್ರವಾದರೂ ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ. ಸೊಲ್ಲಾಪುರ ನಗರದಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಒಂದೇ ಬೀದಿಯಲ್ಲಿ ಕೇಳುತ್ತವೆ. ನಮ್ಮ ಲೈನ್ ಮನೆಗಳ ಹಾಗೆಯೇ ಅನ್ನಿ; ಇಲ್ಲಿ ಒಂದು ನಲ್ಲಿಯ ಮುಂದೆ ಎಷ್ಟು ಭಾಷೆಗಳಲ್ಲಿ ಜಗಳವಾಗುತ್ತದೆಂದು ನಿಮಗೇ ಗೊತ್ತು!

ಸೊಲ್ಲಾಪುರ ಗಿರಣಿಗಳ ಊರಾಗಿತ್ತು. 1877ರಲ್ಲಿ ಶುರುವಾದ ಮೊದಲ ಬಟ್ಟೆ ಗಿರಣಿಯನ್ನು ಜನ ‘ಜುನಿ ಮಿಲ್’ ಎಂದೇ ಕರೆದರು. ಆ ಹಳೆಯ ಗಿರಣಿಗಳ ಸಿಳ್ಳು ಈಗ ಕೇಳುವುದಿಲ್ಲ. ಕಾರ್ಮಿಕರ ಊರಾದ್ದರಿಂದ ಅದಕ್ಕೆ ಕಾರ್ಮಿಕರ ಧೈರ್ಯವೂ ಇತ್ತು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಕೇಳಿ ಊರೇ ಎದ್ದು ನಿಂತಿತು. ಸರ್ಕಾರ ಗುಂಡು ಹಾರಿಸಿತು. ಕೆಲವು ದಿನ ಬ್ರಿಟಿಷರ ಆಡಳಿತ ಊರಿನಲ್ಲಿ ಇಲ್ಲದಂತಾಯಿತು. ಆಮೇಲೆ ಸೈನಿಕ ಕಾನೂನು ಬಂತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಈ ನಾಲ್ವರನ್ನು 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಆಗ ಕೋಟ್ನೀಸರಿಗೆ ಇಪ್ಪತ್ತು ವರ್ಷ. ಅಂಥ ಊರಿನ ಹುಡುಗ, ಅನ್ಯರ ನೋವು ತನ್ನದಲ್ಲ ಎಂದು ಹೇಗೆ ಸುಮ್ಮನಿದ್ದಾನು?

1938ರಲ್ಲಿ ಚೀನಾದ ಸೇನಾಪತಿ ಚು ತೆಹ್ ಅವರು ಡಾಕ್ಟರರನ್ನು ಕಳುಹಿಸಿಕೊಡಿ ಎಂದು ನೆಹರೂ ಅವರನ್ನು ಬೇಡಿಕೊಂಡರು. ಆ ವರ್ಷ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷ್ ಬೋಸರು ಜನರ ಮುಂದೆ ಕೈಚಾಚಿದರು. 22,000 ರೂಪಾಯಿಯೂ ಒಂದು ಆಂಬುಲೆನ್ಸ್ ಗಾಡಿಯೂ ಕೂಡಿಬಂದವು. ನಮ್ಮ ದೇಶವೇ ಆಗ ಪರರ ಆಳ್ವಿಕೆಯಲ್ಲಿತ್ತು ಎಂಬುದನ್ನು ನೆನಪಿಡಿ. ತನ್ನ ಕೈಗೇ ಕೋಳವಿದ್ದವನು ಪಕ್ಕದವನ ಗಾಯಕ್ಕೆ ಬಟ್ಟೆ ಕಟ್ಟಲು ಹೊರಟ ಹಾಗೆ ಅದು. ಅಲಹಾಬಾದಿನ ಅಟಲ್, ನಾಗಪುರದ ಚೋಳ್ಕರ್, ಕಲ್ಕತ್ತೆಯ ಬಸು ಮತ್ತು ಮುಖರ್ಜಿ, ಸೊಲ್ಲಾಪುರದ ಕೋಟ್ನೀಸ್, ಹೀಗೆ ಐವರು ಡಾಕ್ಟರರು ಆ ವರ್ಷದ ಸೆಪ್ಟೆಂಬರ್ ಮೊದಲಲ್ಲಿ ಮುಂಬಯಿಯಿಂದ ಹಡಗು ಹತ್ತಿದರು. ನಾಲ್ವರು ಒಬ್ಬೊಬ್ಬರಾಗಿ ಹಿಂತಿರುಗಿದರು. ಒಬ್ಬರು ಹಿಂತಿರುಗಲಿಲ್ಲ. ಖ್ವಾಜಾ ಅಹಮದ್ ಅಬ್ಬಾಸರು ಈ ಕಥೆಯನ್ನು ಪುಸ್ತಕವಾಗಿ ಬರೆದಾಗ, ಆ ಒಬ್ಬರು ಬಾರದಿದ್ದುದನ್ನೇ ಪುಸ್ತಕದ ಹೆಸರಾಗಿಸಿದರು. ಅದೇ ಈ ಚಿತ್ರಕ್ಕೆ ಆಧಾರ.

ಕೋಟ್ನೀಸರು ಉತ್ತರ ಚೀನಾದ ಬೆಟ್ಟಗುಡ್ಡಗಳಲ್ಲಿ, ಯುದ್ಧ ನಡೆಯುವ ಸ್ಥಳದಲ್ಲಿಯೇ ಕೆಲಸ ಮಾಡಿದರು. 1940ರ ಒಂದು ಕಾಳಗದಲ್ಲಿ 72 ಗಂಟೆಗಳ ಕಾಲ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರೆಂದು ಬರೆದಿಟ್ಟಿದ್ದಾರೆ. ಆ ಹೋರಾಟದ ದಿನಗಳಲ್ಲಿ ಅವರ ಕೈಯಲ್ಲಿ ಚಿಕಿತ್ಸೆ ಪಡೆದವರು 800ಕ್ಕೂ ಹೆಚ್ಚು. ಚೀನೀ ಭಾಷೆಯನ್ನು ಮಾತನಾಡಲೂ ಸ್ವಲ್ಪ ಬರೆಯಲೂ ಕಲಿತರು. ಗುವೋ ಛಿಂಗ್‌ಲಾನ್ ಎಂಬ ನರ್ಸಿನ ಮನಸ್ಸು ಅವರ ಕಡೆಗೆ ವಾಲಿದ್ದು ಇದರಿಂದಲೂ ಹೌದಂತೆ. ಪರದೇಶದವನು ನಮ್ಮ ಮಾತಿನಲ್ಲಿ ಕ್ಷೇಮ ವಿಚಾರಿಸಿದರೆ ಯಾರ ಮನಸ್ಸು ಕರಗುವುದಿಲ್ಲ? 1941ರ ಕೊನೆಯಲ್ಲಿ ಮದುವೆಯಾಯಿತು. 1942ರ ಆಗಸ್ಟ್ 23ರಂದು ಗಂಡು ಮಗು. ಅದಕ್ಕೆ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಮಗುವಿಗೆ ನಾಲ್ಕು ತಿಂಗಳೂ ತುಂಬುವ ಮೊದಲು, ಡಿಸೆಂಬರ್ 9ರಂದು, ತಂದೆ ತೀರಿಕೊಂಡರು. ವಯಸ್ಸು 32.

ಕಳೆದ ಬೇಸಿಗೆಯಲ್ಲಿ ನಾವು ಕೂಟದವರು ಕೆಲವರು ಅಕ್ಕಲಕೋಟೆಗೆ ಒಂದು ಮದುವೆಗೆ ಹೋಗಿದ್ದೆವು. ಬರುವಾಗ ಸೊಲ್ಲಾಪುರದ ಭೈಯ್ಯಾ ಚೌಕದಲ್ಲಿ ಕೋಟ್ನೀಸರ ಮನೆಯನ್ನು ನೋಡಿದೆವು. ನಗರಪಾಲಿಕೆಯವರು ಅದನ್ನು ದುರಸ್ತಿ ಮಾಡಿಸಿ ಸ್ಮಾರಕವಾಗಿಸಿದ್ದಾರೆ, 2012ರಿಂದ ಜನ ನೋಡಬಹುದು. ಆದರೆ ನಮ್ಮ ಮನಸ್ಸಿನಲ್ಲಿ ನಿಂತದ್ದು ಆ ಮನೆಗಿಂತಲೂ ಹಿಂದಿನ ದಿನ ಅಕ್ಕಲಕೋಟೆಯ ಚಪ್ಪರದ ಕೆಳಗೆ ಕೇಳಿದ ಒಂದು ಮಾತು. ನಾವು ಅಲ್ಲಿ ಕುಳಿತು ಈ ಡಾಕ್ಟರರ ಕಥೆ ಹೇಳುತ್ತಿದ್ದೆವು. ಎಲೆ ಅಡಿಕೆ ಹಾಕುತ್ತಿದ್ದ ಒಬ್ಬ ಮುದುಕಿ ಎಲ್ಲವನ್ನೂ ಕೇಳಿಸಿಕೊಂಡು, “ಅದೆಲ್ಲಾ ಖರೇ. ಅವರ ಅವ್ವಗ ಯಾರ ಹೇಳಿದ್ರು?” ಎಂದು ಕೇಳಿದಳು.

ನಮ್ಮ ಬಾಯಿ ಕಟ್ಟಿತು. ನಾವು ಯುದ್ಧ ಹೇಳಿದೆವು, ಸೇನಾಪತಿಗಳನ್ನು ಹೇಳಿದೆವು, ತಾಯಿಯನ್ನು ಯಾರೂ ಹೇಳಲಿಲ್ಲ. ಅಂದಿನಿಂದ ನಮಗೆ ಈ ಕಥೆ ಆ ಮುದುಕಿಯ ಪ್ರಶ್ನೆಯ ಕಡೆಯಿಂದಲೇ ಕಾಣುತ್ತದೆ. ಮಗ ಚೀನಾ ಸೇರಿ ಕೆಲವೇ ತಿಂಗಳಿಗೆ ಮನೆಯಲ್ಲಿ ತಂದೆ ತೀರಿಕೊಂಡರು. ಚುಂಗ್‌ಕಿಂಗ್ ನಗರದಲ್ಲಿದ್ದಾಗ ಸುದ್ದಿ ಬಂತು. ಹಿಂತಿರುಗುವ ಅವಕಾಶವಿದ್ದರೂ ಮಗ ಹಿಂತಿರುಗಲಿಲ್ಲ. ನಾವು ಇದನ್ನು ಮಹಾತ್ಯಾಗ ಎನ್ನುತ್ತೇವೆ, ಸರಿ. ಆದರೆ ಗಂಡನನ್ನು ಕಳೆದುಕೊಂಡು, ಮಗನೂ ಬಾರದೆ ಮನೆಯಲ್ಲಿ ಕುಳಿತವರದು ಏನು? ಬೆಂಗಳೂರಿಗೋ ಗಲ್ಫಿಗೋ ಹೋದ ಮಗನ ಫೋನು ಒಂದು ವಾರ ಬಾರದಿದ್ದರೆ ನಮ್ಮ ಲೈನಿನ ತಾಯಂದಿರ ಮುಖ ಹೇಗಾಗುತ್ತದೆಂದು ನಾವು ಕಂಡಿದ್ದೇವೆ. ಆಗ ಫೋನಿಲ್ಲ, ನಡುವೆ ಯುದ್ಧ, ಕಾಗದಕ್ಕೆ ತಿಂಗಳುಗಳು.

ಇನ್ನು ಆ ಹೆಣ್ಣುಮಗಳು. ಚಿತ್ರದಲ್ಲಿ ಆಕೆ ಕೂಸಿನೊಡನೆ ಸೊಲ್ಲಾಪುರಕ್ಕೆ ಬಂದು ಸೇರುತ್ತಾಳೆ. ನೋಡುವವರ ಎದೆ ಅಷ್ಟಕ್ಕಾದರೂ ತಣ್ಣಗಾಗುತ್ತದೆ. ನಿಜದಲ್ಲಿ ಹಾಗಾಗಲಿಲ್ಲ. ಯುದ್ಧದ ನಡುವೆ ಎಲ್ಲಿಗೆ ಬರುವುದು? ಚೀನಾದಲ್ಲಿಯೇ ಮಗನನ್ನು ಬೆಳೆಸಿದಳು. ಮಗನೂ ತಂದೆಯಂತೆ ವೈದ್ಯ ವಿದ್ಯೆಗೆ ಸೇರಿದ. 1967ರಲ್ಲಿ, ಓದು ಮುಗಿಸುವ ಮೊದಲೇ, 24ನೆಯ ವಯಸ್ಸಿಗೆ ಅವನೂ ತೀರಿಕೊಂಡ. ಆಮೇಲಿನ ವರ್ಷಗಳಲ್ಲಿ ಗುವೋ ಛಿಂಗ್‌ಲಾನ್ ಹಲವು ಬಾರಿ ಭಾರತಕ್ಕೆ ಬಂದು ಗಂಡನ ಕಡೆಯವರನ್ನು ಕಂಡರು. 2012ರಲ್ಲಿ, ಸೊಲ್ಲಾಪುರದಲ್ಲಿ ಗಂಡನ ಮನೆ ಸ್ಮಾರಕವಾದ ವರ್ಷವೇ, 96ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ಗಂಡನ ಜೊತೆ ಬಾಳಿದ್ದು ಹೆಚ್ಚುಕಡಿಮೆ ಒಂದು ವರ್ಷ. ಅವರನ್ನು ನೆನೆದು ಕಳೆದದ್ದು 70 ವರ್ಷ. ಚಿತ್ರದವರು ಇದನ್ನು ತೋರಿಸುವಂತಿರಲಿಲ್ಲ ಬಿಡಿ, 1946ರಲ್ಲಿ ಇದಾವುದೂ ಇನ್ನೂ ಆಗಿರಲಿಲ್ಲ.

ಚಿತ್ರ ತೋರಿಸುತ್ತೇವೆ ಎಂದಾಗ ನಮ್ಮ ಹಿರಿಯರೊಬ್ಬರು, ತಪಸ್ಸುಕಾಲದಲ್ಲಿ ಯೇಸುಸ್ವಾಮಿಯ ಪಾಡುಗಳ ಚಿತ್ರ ಬಿಟ್ಟು ಇದೇಕೆ, ಈ ಡಾಕ್ಟರರು ನಮ್ಮ ವಿಶ್ವಾಸದವರಲ್ಲವಲ್ಲ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕು ಬಿದ್ದವನ ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹಚ್ಚಿ ಕಟ್ಟಿದ ಸಮಾರ್ಯದವನು ಯಾವ ವಿಶ್ವಾಸದವನಾಗಿದ್ದ? ಆ ಕಥೆಯನ್ನು ಹೇಳಿದವರು ಸ್ವಾಮಿಯೇ. ಕೋಟ್ನೀಸರಿಗಿಂತ ಮೊದಲು ಅದೇ ಬೆಟ್ಟಗಳಲ್ಲಿ ದುಡಿದ ಕೆನಡಾ ದೇಶದ ಡಾಕ್ಟರ್ ನಾರ್ಮನ್ ಬೆಥ್ಯೂನರು ಒಬ್ಬ ಸಭಾಪಾಲಕರ ಮಗ. ಆಮೇಲೆ ಕಮ್ಯುನಿಸ್ಟರಾದರು. ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳು ಕೊಯ್ದುಕೊಂಡು, ಅದು ನಂಜಾಗಿ 1939ರ ನವೆಂಬರ್ 12ರಂದು ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಮುಖ್ಯಸ್ಥರಾದವರೇ ನಮ್ಮ ಕೋಟ್ನೀಸರು. ಗುವೋ ಛಿಂಗ್‌ಲಾನ್ ಅವರನ್ನು ಮೊದಲು ಕಂಡದ್ದು ಬೆಥ್ಯೂನರ ಸಮಾಧಿಯ ಉದ್ಘಾಟನೆಯಂದು. ಒಬ್ಬರು ಬಿಟ್ಟುಹೋದ ಕತ್ತರಿಯನ್ನು ಇನ್ನೊಬ್ಬರು ಎತ್ತಿಕೊಂಡರು. ಅವರ ಪಕ್ಷದ ಮಾತು ಬೇರೆ. ಅದನ್ನು ಒಪ್ಪುವವರೂ ಒಪ್ಪದವರೂ ನಮ್ಮ ಯೂನಿಯನ್ನಿನಲ್ಲಿಯೇ ಇದ್ದಾರೆ.

ಇನ್ನು ನಾವು ಈ ಸಂಜೆ ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯ. ಚಿತ್ರದಲ್ಲಿ ಡಾಕ್ಟರರು ಪ್ಲೇಗಿನಿಂದ ಸಾಯುತ್ತಾರೆ. ನಿಜವಾಗಿ ಅವರು ಸತ್ತದ್ದು ಪ್ಲೇಗಿನಿಂದಲ್ಲ. ಮೂರ್ಛೆರೋಗದಿಂದ. ನಾವು ಫಿಟ್ಸ್ ಎನ್ನುತ್ತೇವಲ್ಲ, ಅದು. ಆಹಾರ ಸಾಲದ, ನಿದ್ದೆಯಿಲ್ಲದ ಆ ಜೀವನದಲ್ಲಿ ರೋಗ ಕಾಣಿಸಿಕೊಂಡಿತು. ವಿದ್ಯಾರ್ಥಿಗಳಿಗಾಗಿ ಶಸ್ತ್ರಚಿಕಿತ್ಸೆಯ ಪಠ್ಯವೊಂದನ್ನು ಬರೆಯುತ್ತಿದ್ದ ದಿನಗಳಲ್ಲಿಯೇ ಒಂದರ ಮೇಲೊಂದು ಮೂರ್ಛೆ ಬಂದು ಪ್ರಾಣ ಹೋಯಿತು.

ಚಿತ್ರದವರು ಇದನ್ನೇಕೆ ಬದಲಿಸಿದರು? ನಮಗೆ ತೋರುವುದನ್ನು ಹೇಳುತ್ತೇವೆ. ಪ್ಲೇಗ್ ಎಂದರೆ 1946ರ ಪ್ರೇಕ್ಷಕರಿಗೆ ಗೊತ್ತಿದ್ದ ಮಾರಿ. 1896ರಿಂದ ಮುಂಬಯಿ ಪ್ರಾಂತ್ಯವನ್ನೆಲ್ಲ ಅದು ಸುಟ್ಟಿತ್ತು. ಅದಕ್ಕೆ ಮದ್ದು ಕಂಡು ಅದಕ್ಕೇ ಬಲಿಯಾದ ಎಂದರೆ ಕಥೆಗೆ ಕಳೆ. ಮೂರ್ಛೆರೋಗದಿಂದ ಸತ್ತ ಎಂದರೆ ಏನಿದೆ ಅದರಲ್ಲಿ? ವೀರನ ಬಾಯಲ್ಲಿ ನೊರೆ ಬರುವುದನ್ನು ಯಾರು ನೋಡುತ್ತಾರೆ? ಆ ಕಾಲದ ತೊಡಕನ್ನೂ ಹೇಳಬೇಕು. ಯುದ್ಧದ ವರ್ಷಗಳಲ್ಲಿ ಕಚ್ಚಾ ಫಿಲ್ಮು ಸರ್ಕಾರದ ಹತೋಟಿಯಲ್ಲಿತ್ತು, ಯುದ್ಧಕ್ಕೆ ನೆರವಾಗುವ ಚಿತ್ರ ಮಾಡಿ ಎಂಬ ಒತ್ತಾಯವಿತ್ತು. ಶಾಂತಾರಾಮರು ಜಾಣತನದಿಂದ ಜಪಾನಿನ ವಿರುದ್ಧದ ಚಿತ್ರವೆಂದು ಹೇಳಿ, ಕಾಂಗ್ರೆಸ್ ಕಳುಹಿಸಿದ ಭಾರತೀಯನ ಕಥೆಯನ್ನೇ ತೆಗೆದರು. ಅದು ಮೆಚ್ಚಬೇಕಾದದ್ದೇ. ಆದರೂ ಆ ಮರಣವನ್ನು ಬದಲಿಸಿದ್ದು ನಮಗೆ ಸರಿಬರಲಿಲ್ಲ. ರೋಗಪೀಡಿತನಾದ ಒಬ್ಬ ಮನುಷ್ಯ, ಇಂದು ಬೀಳುತ್ತೇನೋ ನಾಳೆ ಬೀಳುತ್ತೇನೋ ಎನ್ನುವವನು, ಗಾಯಾಳುಗಳ ನಡುವೆ ಉಳಿದು ಮಕ್ಕಳಿಗೆ ಪಾಠ ಬರೆದ. ಇದಕ್ಕಿಂತ ಪ್ಲೇಗ್ ಯಾವುದರಲ್ಲಿ ಹೆಚ್ಚು?

ಚಿತ್ರ ಮುಚ್ಚಿಟ್ಟ ಹಾಗೆ ನಾವೂ ಈ ರೋಗವನ್ನು ಮುಚ್ಚಿಡುತ್ತೇವೆ. ನಮ್ಮ ಲೈನುಗಳಲ್ಲಿ ಎಷ್ಟು ಮನೆಯಲ್ಲಿ ಇದೆ ಎಂದು ನಾವು ಇಲ್ಲಿ ಹೆಸರು ಹೇಳುವುದಿಲ್ಲ. ಹೆಣ್ಣುಮಗಳಾದರೆ ಮದುವೆ ಆಗದೆಂದು ಬಚ್ಚಿಡುತ್ತೇವೆ. ಗಂಡಾದರೆ ಕೆಲಸ ಹೋದೀತೆಂದು ಬಚ್ಚಿಡುತ್ತೇವೆ. ಬಚ್ಚಿಟ್ಟವನು ಮೆಣಸು ಕೊಯ್ಯಲು ಏಣಿ ಹತ್ತುತ್ತಾನೆ. ಹತ್ತಿರದ ಒಂದು ತೋಟದಲ್ಲಿ ಒಬ್ಬ ಯುವಕ ಹಾಗೆ ಬಿದ್ದು ಸೊಂಟ ಮುರಿದುಕೊಂಡ. ಮೇಸ್ತ್ರಿಗೆ ಗೊತ್ತಿರಲಿಲ್ಲ, ಜೊತೆಯವರಿಗೂ ಗೊತ್ತಿರಲಿಲ್ಲ, ಮನೆಯವರಿಗೆ ಮಾತ್ರ ಗೊತ್ತಿತ್ತು. ಅವನು ಮನೆಗೋಸ್ಕರ ದುಡಿದು ತ್ಯಾಗ ಮಾಡಿದ ಎಂದು ಎಲ್ಲರೂ ಹೊಗಳಿದರು. ನಮಗೆ ಆ ಹೊಗಳಿಕೆ ಹಿಡಿಸಲಿಲ್ಲ.

ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಒಬ್ಬ ತಂದೆ ಮಗನನ್ನು ಸ್ವಾಮಿಯ ಬಳಿಗೆ ಕರೆತರುತ್ತಾನೆ. ಆ ಹುಡುಗ ಬೆಂಕಿಗೂ ನೀರಿಗೂ ಬೀಳುತ್ತಿದ್ದ, ಹಲ್ಲು ಕಡಿಯುತ್ತಿದ್ದ, ನೊರೆ ಕಾರುತ್ತಿದ್ದ. ಆ ತಂದೆ ಗುಂಪಿನ ಎದುರಿಗೇ ಎಲ್ಲವನ್ನೂ ಹೇಳಿದ. ಚಿಕ್ಕಂದಿನಿಂದ ಹೀಗೆ ಎಂದು ಮುಚ್ಚಿಡದೆ ಹೇಳಿದ. ತನ್ನ ವಿಶ್ವಾಸ ಅರ್ಧದ್ದು, ಉಳಿದರ್ಧವನ್ನು ನೀನೇ ತುಂಬಿಕೊಡು ಎಂಬ ಅರ್ಥದಲ್ಲಿ ಕೂಗಿಕೊಂಡ. ಅರ್ಧ ವಿಶ್ವಾಸದವನ ಮಗನನ್ನೂ ಸ್ವಾಮಿ ಕೈಹಿಡಿದು ಎಬ್ಬಿಸಿದರು. ಪ್ರಾರ್ಥನೆ ಮಾಡಿಸಬೇಡಿ ಎಂದು ಉಪದೇಶಿಯಾಗಿ ನಾವು ಹೇಳುವವರಲ್ಲ. ಮಾತ್ರೆ ನುಂಗಿಸಿ ಪ್ರಾರ್ಥನೆ ಮಾಡಿಸಿ ಎನ್ನುತ್ತೇವೆ. ಈ ರೋಗಕ್ಕೆ ಮದ್ದಿದೆ. ಸರಿಯಾಗಿ ಮದ್ದು ಸಿಕ್ಕರೆ ನೂರರಲ್ಲಿ 70 ಜನರವರೆಗೂ ಮೂರ್ಛೆ ಬಾರದಂತೆ ಬದುಕಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ತಿಂಗಳು ಚೆನ್ನಾಗಿದ್ದ ಎಂದು ಡಾಕ್ಟರರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ ಒಂದರ ಮೇಲೊಂದು ಮೂರ್ಛೆ ಬರಬಹುದು. ಕೋಟ್ನೀಸರ ಪ್ರಾಣ ಹೋದದ್ದು ಹಾಗೆ ಒಂದರ ಮೇಲೊಂದು ಬಂದುದರಿಂದಲೇ ಎಂಬುದನ್ನು ಈಗ ತಾನೆ ಕೇಳಿದಿರಿ.

ಬಿದ್ದವರ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು, ಬಾಯಿಗೆ ಚಮಚ ತುರುಕುವುದು, ಇವು ಯಾವುವೂ ಬೇಡ. ಬೆಂಕಿ, ಕತ್ತಿ ಹತ್ತಿರವಿದ್ದರೆ ದೂರ ಸರಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿ. ಮೆಲ್ಲಗೆ ಒಂದು ಮಗ್ಗುಲಿಗೆ ತಿರುಗಿಸಿ. ಅದುಮಿ ಹಿಡಿಯಬೇಡಿ, ಎಚ್ಚರವಾಗುವವರೆಗೆ ನೀರು ಕುಡಿಸಬೇಡಿ. ಐದು ನಿಮಿಷವಾದರೂ ನಿಲ್ಲದಿದ್ದರೆ ಜೀಪು ಕೇಳಿ; ಕೊಡದಿದ್ದರೆ ನಮಗೆ ಹೇಳಿ. ಮದುವೆಯ ಮಾತಿಗೆ ಬಂದರೆ, ಹಿಂದೆ ಹಿಂದೂ ವಿವಾಹ ಕಾಯಿದೆಯಲ್ಲಿ ಈ ರೋಗದ ಹೆಸರು ಅಡ್ಡಿಯಾಗಿ ಸೇರಿತ್ತು, 1999ರಲ್ಲಿ ಅದನ್ನು ಕಾನೂನಿನಿಂದಲೇ ತೆಗೆದುಹಾಕಿದರು. ಕಾನೂನು ಬಿಟ್ಟದ್ದನ್ನು ನಮ್ಮ ಹಿರಿಯರು ಇನ್ನೂ ಬಿಟ್ಟಿಲ್ಲ.

ತ್ಯಾಗ ಎಂಬ ಮಾತನ್ನು ಕುರಿತು ಯೂನಿಯನ್ನಿನ ಕೆಲಸ ಮಾಡುವವರಾಗಿ ಒಂದು ಮಾತು ಹೇಳದೆ ಇರಲಾರೆವು. ಕೋಟ್ನೀಸರನ್ನು ಯಾರೂ ದೂಡಲಿಲ್ಲ. ಹೋಗುತ್ತೇನೆ ಎಂದವರು ಅವರೇ, ಉಳಿಯುತ್ತೇನೆ ಎಂದವರೂ ಅವರೇ. ಆದ್ದರಿಂದ ಅದು ತ್ಯಾಗ. ಜ್ವರ ಬಂದವಳನ್ನು ಹಾಜರಿ ಹೋಗುತ್ತದೆ ಎಂದು ಹೆದರಿಸಿ ಹಣ್ಣು ಕೊಯ್ಯಲು ಕಳುಹಿಸಿದರೆ ಅದಕ್ಕೆ ಬೇರೆ ಹೆಸರಿದೆ. ತೋಟದಲ್ಲಿ ದುಡಿಯುವವರಿಗೆ ವೈದ್ಯ ಸೌಲಭ್ಯ ಕೊಡಬೇಕೆಂಬ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯಿದೆಯೇ ಮಾಲೀಕರ ಮೇಲೆ ಹೊರಿಸಿತ್ತು. ಮನೆಯೊಳಗೂ ಇದೇ ಮಾತು. ಹೆಂಗಸರು ಕಡೆಗೆ ಉಂಡು, ಮೊದಲು ಎದ್ದು, ಮದ್ದಿನ ದುಡ್ಡನ್ನು ಮಕ್ಕಳ ಪುಸ್ತಕಕ್ಕೆ ಕೊಡುತ್ತಾರೆ. ನಾವು ಗಂಡಸರು ಅದನ್ನು ತಾಯಿಯ ತ್ಯಾಗ ಎಂದು ಕೊಂಡಾಡಿ ಮುಗಿಸುತ್ತೇವೆ. ಕೇಳದೆ ತೆಗೆದುಕೊಂಡದ್ದು ತ್ಯಾಗವಾಗುವುದು ಹೇಗೆ ಎಂದು ಮನೆಗೆ ಹೋಗುವಾಗ ದಾರಿಯಲ್ಲಿ ಮಾತನಾಡಿಕೊಳ್ಳಿ. ಜಗಳವಾದರೂ ಚಿಂತೆಯಿಲ್ಲ.

ಹೊತ್ತಾಯಿತು, ಕೆಳಗಿನ ಲೈನಿನವರು ಹಳ್ಳ ದಾಟಿ ಹೋಗಬೇಕು. ಮುಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ಯೂನಿಯನ್ ಕೋಣೆಯಲ್ಲಿ ನಾವು ಇಬ್ಬರು ಕುಳಿತಿರುತ್ತೇವೆ. ಮನೆಯಲ್ಲಿ ಮೂರ್ಛೆಯವರು ಇದ್ದರೆ ಬಂದು ಹೇಳಿ. ಹೆಸರು ಬೇರೆಯವರಿಗೆ ಹೋಗುವುದಿಲ್ಲ. ಎಷ್ಟು ಜನ ಎಂದು ತಿಳಿದರೆ ಸರ್ಕಾರಿ ಆಸ್ಪತ್ರೆಗೆ ಒಂದೇ ದಿನ ಗಾಡಿ ಮಾಡಿಕೊಂಡು ಹೋಗಬಹುದು. ಅವರನ್ನು ಏಣಿಯ ಕೆಲಸದಿಂದ, ಔಷಧಿ ಹೊಡೆಯುವ ಕೆಲಸದಿಂದ ಬಿಡಿಸಿ, ಕೂಲಿ ಕಡಿಮೆಯಾಗದಂತೆ ಬೇರೆ ಕೆಲಸ ಕೊಡಿ ಎಂದು ಕೇಳುವ ಅರ್ಜಿಯನ್ನೂ ಬರೆದಿಟ್ಟಿದ್ದೇವೆ. ಓದಿ ನೋಡಿ, ಒಪ್ಪಿದವರು ಸಹಿ ಹಾಕಿ. ಚಿತ್ರವನ್ನು ಈ ಸಂಜೆ ನೋಡಲಾಗದವರಿಗೆ ಪಾಸ್ಕಹಬ್ಬ ಕಳೆದ ಮೇಲೆ ಇನ್ನೊಮ್ಮೆ ತೋರಿಸುತ್ತೇವೆ. ಆಗ ಹಿಂದಿ ಬಲ್ಲ ಹುಡುಗರಲ್ಲಿ ಒಬ್ಬನು ಅಜ್ಜಿಯರ ಪಕ್ಕದಲ್ಲಿ ಕುಳಿತು ಮಾತು ತಿಳಿಸಿಹೇಳಬೇಕು. ಯಾರು ಎಂದು ಈಗಲೇ ಹೆಸರು ಕೊಡಿ.